ಮನೆಯ ಹಿತ್ತಲಿನಲ್ಲಿ ಆಟದ ಅಂಕಣ: ನೆಲ, ನಿಯಮ ಮತ್ತು ಲೆಕ್ಕ

ನಗರಗಳ ಹೊರವಲಯದಲ್ಲಿ ವಿಶಾಲವಾದ ನಿವೇಶನ ಕೊಂಡು ಮನೆ ಕಟ್ಟಿಸಿಕೊಂಡಿರುವ ವರ್ತಕ ಹಾಗೂ ಉದ್ಯಮಿ ಬಂಧುಗಳಲ್ಲಿ, ಮನೆಯ ಆವರಣದಲ್ಲಿಯೇ ಒಂದು ಆಟದ ಅಂಕಣ ಮಾಡಿಸಬೇಕೆಂಬ ಅಪೇಕ್ಷೆ ಬೆಳೆಯುತ್ತಿದೆ. ಮಕ್ಕಳು ಸಂಜೆ ಹೊತ್ತು ಕಣ್ಣೆದುರಿಗೇ ಆಡಬೇಕು, ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ದೇಹಕ್ಕೂ ಸ್ವಲ್ಪ ವ್ಯಾಯಾಮ ದೊರೆಯಬೇಕು ಎಂಬ ಈ ಅಪೇಕ್ಷೆ ಸ್ತುತ್ಯವಾದದ್ದೇ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್‌ನ ಸಭಾಂಗಣದಲ್ಲಿ. ಅಲ್ಲಿ ಮದುವೆ ಇದ್ದ ದಿನ ಆಟಕ್ಕೆ ಬಿಡುವು. ಇಂದಿನ ಮಕ್ಕಳಿಗೆ ಅದಕ್ಕಿಂತ ಹೆಚ್ಚಿನ ಅನುಕೂಲ ಒದಗಿಸಬಲ್ಲ ತಂದೆತಾಯಿಗಳು ಒದಗಿಸಲಿ.

ಆದರೆ ಮನೆಯ ಆಟದ ಅಂಕಣಕ್ಕೂ ವಾಣಿಜ್ಯ ಪತ್ರಿಕೆಗೂ ಏನು ಸಂಬಂಧ ಎಂಬ ಪ್ರಶ್ನೆ ವಾಚಕರಲ್ಲಿ ಮೂಡಬಹುದು. ಸಂಬಂಧವಿದೆ. ಅಂಕಣ ಏಳುವುದು ಮನೆಯ ಹಿತ್ತಲಿನಲ್ಲಾದರೂ ಅದರ ಬಿಲ್ಲು ಅನೇಕ ವೇಳೆ ಬಂದು ಕೂರುವುದು ಅಂಗಡಿಯ ಅಥವಾ ಕಾರ್ಖಾನೆಯ ಮೇಜಿನ ಮೇಲೆ. ಗುತ್ತಿಗೆದಾರರು ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಕೇಳುತ್ತಾರೆ. ಗುಮಾಸ್ತರು ಆ ಬಿಲ್ಲನ್ನು 'ಕಟ್ಟಡ ದುರಸ್ತಿ' ಖಾತೆಗೆ ಬರೆಯುತ್ತಾರೆ. ಮಾಲೀಕರಿಗೆ ತೆರಿಗೆ ಉಳಿಯಿತೆಂಬ ಸಮಾಧಾನ. ಈ ಸಮಾಧಾನ ಎಷ್ಟು ದುಬಾರಿಯಾದದ್ದೆಂಬುದನ್ನು ಅಂಕಿಗಳ ಮೂಲಕ ತೋರಿಸುವುದೇ ಈ ಲೇಖನದ ಮುಖ್ಯ ಉದ್ದೇಶ. ಅದಕ್ಕೆ ಮುನ್ನ ಜಾಗ, ಭೂಮಿಯ ಸ್ವರೂಪ ಮತ್ತು ಕಾಮಗಾರಿಯನ್ನು ಕುರಿತು ಕೆಲವು ಅಗತ್ಯ ಮಾತುಗಳನ್ನು ಹೇಳಲಾಗಿದೆ.

1. ಎಷ್ಟು ಜಾಗ ಬೇಕು?

ಯಾವ ಆಟ ಎಂಬುದನ್ನು ನಿರ್ಧರಿಸುವ ಮೊದಲು ಅಳತೆ ಪಟ್ಟಿ ಹಿಡಿಯುವುದು ಒಳ್ಳೆಯದು. ಪ್ರಮುಖ ಆಟಗಳ ಅಂಕಣದ ಅಳತೆ ಹೀಗಿದೆ:

ಷಟಲ್ ಬ್ಯಾಡ್ಮಿಂಟನ್: 13.40 ಮೀ. ಉದ್ದ, 6.10 ಮೀ. ಅಗಲ, ಅಂದರೆ 44 ಅಡಿ × 20 ಅಡಿ.
ಪಿಕಲ್‌ಬಾಲ್: ಇದೂ 44 ಅಡಿ × 20 ಅಡಿ.
ವಾಲಿಬಾಲ್: 18 ಮೀ. × 9 ಮೀ.
ಟೆನಿಸ್: 23.77 ಮೀ. × 10.97 ಮೀ., ಅಂದರೆ 78 ಅಡಿ × 36 ಅಡಿ.
ಬಾಸ್ಕೆಟ್‌ಬಾಲ್: 28 ಮೀ. × 15 ಮೀ.; ತಲಾ ಮೂವರು ಆಡುವ ಅರ್ಧ ಅಂಕಣಕ್ಕೆ 15 ಮೀ. × 11 ಮೀ.

ಇವು ಗೆರೆಯಿಂದ ಗೆರೆಗೆ ಇರುವ ಅಳತೆಗಳು. ಆಟಗಾರರು ಗೆರೆ ದಾಟಿ ಓಡುವುದಕ್ಕೆ ಸುತ್ತಲೂ ಜಾಗ ಬೇಕು. ಬ್ಯಾಡ್ಮಿಂಟನ್ ಅಂಕಣದ ಸುತ್ತ 2 ಮೀ. ಬಿಟ್ಟರೆ ಒಟ್ಟು ಸುಮಾರು 57 ಅಡಿ × 33 ಅಡಿ, ಅಂದರೆ 1,900 ಚದರ ಅಡಿಯ ಆಸುಪಾಸಿನ ಜಾಗ ಬೇಕಾಗುತ್ತದೆ. 30 × 40 ನಿವೇಶನದ ಉದ್ದವೇ 40 ಅಡಿ. ಅಂಕಣದ ಗೆರೆಗಳೇ ಅದರಲ್ಲಿ ಹಿಡಿಸವು. 60 × 40 ನಿವೇಶನದಲ್ಲಿ ಅಂಕಣ ಹಿಡಿಸುತ್ತದೆ, ಆದರೆ ಮನೆ ಹಿಡಿಸದು. ಸುತ್ತಲಿನ ಜಾಗವೂ ಸೇರಿ ಟೆನಿಸ್‌ಗೆ 120 ಅಡಿ × 60 ಅಡಿ, ಅಂದರೆ 7,200 ಚದರ ಅಡಿ ಬೇಕು. ಆದುದರಿಂದ ಮನೆಯಲ್ಲದೆ ಪಕ್ಕದಲ್ಲಿ ಇನ್ನೊಂದು ನಿವೇಶನ ಇರುವವರಿಗೆ ಅಥವಾ ಹೊರವಲಯದಲ್ಲಿ ಕೆಲವು ಗುಂಟೆ ಜಾಗ ಉಳ್ಳವರಿಗೆ ಮಾತ್ರ ಇದು ಸಾಧ್ಯ. ಸಾಮಾನ್ಯ ಕುಟುಂಬಕ್ಕೆ ಬ್ಯಾಡ್ಮಿಂಟನ್ ಅಂಕಣವೇ ಹೆಚ್ಚು ಹೊಂದುತ್ತದೆ; ಅದೇ ಅಳತೆಯಲ್ಲಿ, ಬಲೆಯ ಎತ್ತರ ಬದಲಿಸಿ, ಪಿಕಲ್‌ಬಾಲನ್ನೂ ಆಡಬಹುದು. ಈ ಲೇಖನದ ಲೆಕ್ಕಗಳೆಲ್ಲ ಬ್ಯಾಡ್ಮಿಂಟನ್ ಅಂಕಣಕ್ಕೇ ಸಂಬಂಧಿಸಿದವು.

2. ಭೂಮಿ ಯಾರ ಹೆಸರಿನಲ್ಲಿದೆ, ಯಾವ ಸ್ವರೂಪದ್ದು?

ಗುದ್ದಲಿ ಹಾಕುವ ಮೊದಲು ಕ್ರಯಪತ್ರ, ಖಾತೆ ಮತ್ತು ಪಹಣಿಗಳನ್ನು ತೆಗೆದು ನೋಡತಕ್ಕದ್ದು.

(ಅ) ಭೂ ಪರಿವರ್ತನೆ: ಹೊರವಲಯದ ಅನೇಕ ಮನೆಗಳಲ್ಲಿ ಮನೆಯ ಜಾಗ ಮಾತ್ರ ಪರಿವರ್ತನೆಯಾಗಿದ್ದು, ಹಿಂದಿನ ಕೆಲವು ಗುಂಟೆಗಳು ದಾಖಲೆಯಲ್ಲಿ ಇನ್ನೂ ಕೃಷಿ ಭೂಮಿಯಾಗಿಯೇ ಉಳಿದಿರುತ್ತವೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಂತೆ ಕೃಷಿ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಪರಿವರ್ತನೆ ಅಗತ್ಯ. ಕಾಂಕ್ರೀಟು ಹಾಸಿದ ಆಟದ ಅಂಕಣವನ್ನು ಕೃಷಿಯೆಂದು ವಾದಿಸಲು ಸಾಧ್ಯವಿಲ್ಲ.

ಇದಕ್ಕೆ ಆದಾಯ ತೆರಿಗೆಯ ಒಂದು ಮುಖವೂ ಇದೆ. ಗ್ರಾಮೀಣ ಕೃಷಿ ಭೂಮಿ ಬಂಡವಾಳ ಆಸ್ತಿ ಎನಿಸುವುದಿಲ್ಲ. ಅದರ ಮಾರಾಟದ ಲಾಭಕ್ಕೆ ತೆರಿಗೆ ಇಲ್ಲ. ಜನಸಂಖ್ಯೆ 10,000ಕ್ಕಿಂತ ಹೆಚ್ಚಾಗಿ 1 ಲಕ್ಷದವರೆಗೆ ಇರುವ ಪಟ್ಟಣದ ಗಡಿಯಿಂದ 2 ಕಿ.ಮೀ., 1 ಲಕ್ಷದಿಂದ 10 ಲಕ್ಷದವರೆಗೆ ಇದ್ದರೆ 6 ಕಿ.ಮೀ., 10 ಲಕ್ಷ ಮೀರಿದರೆ 8 ಕಿ.ಮೀ. ಆಚೆಗಿನ ಕೃಷಿ ಭೂಮಿಗೆ ಈ ಸೌಲಭ್ಯ ಉಂಟು. ಅಂಥ ಭೂಮಿಯ ಮೇಲೆ ಅಂಕಣ ಹಾಸಿದರೆ, ಆ ಭಾಗ ಕೃಷಿ ಭೂಮಿಯಾಗಿ ಉಳಿದಿಲ್ಲವೆಂದು ಇಲಾಖೆ ಹೇಳಲು ನಾವೇ ಸಾಕ್ಷ್ಯ ಒದಗಿಸಿದಂತಾಗುತ್ತದೆ. ಮುಂದೊಂದು ದಿನ ತೆರಿಗೆರಹಿತವಾಗಿ ಬರಬಹುದಾಗಿದ್ದ ಹಣ ತೆರಿಗೆಗೆ ಒಳಪಡಬಹುದು.

(ಆ) ಒಡೆತನ: ನಮ್ಮಲ್ಲಿ ನಿವೇಶನ ಸಾಮಾನ್ಯವಾಗಿ ಗೃಹಿಣಿಯ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಇರುತ್ತದೆ, ಖರ್ಚು ಮಾಡುವವರು ಮನೆಯ ಯಜಮಾನರು. ಪತ್ನಿಯ ನಿವೇಶನದ ಮೇಲೆ ಪತಿ ಅಂಕಣ ಕಟ್ಟಿಸಿದರೆ, ಆ ಹಣ ಪತ್ನಿಗೆ ಕೊಟ್ಟ ದಾನವೇ ಅಥವಾ ಸಾಲವೇ ಎಂಬುದನ್ನು ಅಂದೇ ಒಂದು ಪತ್ರದಲ್ಲಿ ಬರೆದಿಡುವುದು ಲೇಸು. ಪತಿಪತ್ನಿಯರ ನಡುವಿನ ದಾನಕ್ಕೆ ತೆರಿಗೆ ಇಲ್ಲ. ಆದರೆ ಆ ಅಂಕಣದಿಂದ ಮುಂದೆ ಬಾಡಿಗೆ ಬಂದರೆ, ದಾನದ ಹಣಕ್ಕೆ ಸಂಬಂಧಿಸಿದ ಆದಾಯ ಪತಿಯ ಆದಾಯದೊಂದಿಗೇ ಸೇರುತ್ತದೆ. ಭೂಮಿ ಅವಿಭಕ್ತ ಕುಟುಂಬದ್ದಾಗಿದ್ದು ಖರ್ಚು ಒಬ್ಬರ ಸ್ವಂತದ್ದಾದರೆ ಬರಹದ ಅಗತ್ಯ ಇನ್ನೂ ಹೆಚ್ಚು. ವಿಭಾಗದ ಹೊತ್ತಿನಲ್ಲಿ ಬಾಯಿಮಾತು ನಿಲ್ಲುವುದಿಲ್ಲ.

(ಇ) ಸ್ಥಳೀಯ ಅನುಮತಿ: ಮೇಲ್ಛಾವಣಿ ಇಲ್ಲದ ಬಯಲು ಅಂಕಣ ಬೇರೆ, ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಛಾವಣಿ ಹಾಕಿದ ಅಂಕಣ ಬೇರೆ. ಛಾವಣಿ ಹಾಕುವ ಯೋಚನೆಯಿದ್ದರೆ ನಕ್ಷೆ ಮಂಜೂರಾತಿ ಹಾಗೂ ಸುತ್ತ ಬಿಡಬೇಕಾದ ಖಾಲಿ ಜಾಗದ ನಿಯಮಗಳನ್ನು ಸ್ಥಳೀಯ ಸಂಸ್ಥೆಯಲ್ಲಿ ಮೊದಲೇ ವಿಚಾರಿಸತಕ್ಕದ್ದು. ಜಾಗದಲ್ಲಿ ಮರಗಳಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಅನ್ವಯಿಸುತ್ತದೆ. ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಗಳ ಅನುಮತಿ ಬೇಕು. ಮರ ನಮ್ಮದೇ ಹಿತ್ತಲಿನದೆಂಬುದು ಸಾಕಾದ ಉತ್ತರವಲ್ಲ.

3. ನೆಲದ ಕೆಲಸ

ಅಂಕಣದ ಆಯುಷ್ಯ ಇರುವುದು ಮೇಲಿನ ಬಣ್ಣದಲ್ಲಲ್ಲ, ಕೆಳಗಿನ ನೆಲದಲ್ಲಿ. ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟು ಹಾಕಿದರೆ ಒಂದೆರಡು ವರ್ಷಗಳಲ್ಲಿಯೇ ಸೀಳುಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಅಲ್ಲಿ ಸಾಕಷ್ಟು ಆಳಕ್ಕೆ ಎರೆ ಮಣ್ಣು ತೆಗೆಸಿ ಗರಸು ತುಂಬಿಸಿ, ಪದರ ಪದರವಾಗಿ ನೀರು ಹಾಕಿ ರೋಲರ್ ಹೊಡೆಸಬೇಕು. ಹಳೆ ಮೈಸೂರು ಭಾಗದ ಕೆಂಪು ಮಣ್ಣಿನಲ್ಲಿ ಈ ತೊಂದರೆ ಕಡಿಮೆ. ಮಲೆನಾಡು ಮತ್ತು ಕರಾವಳಿಯಲ್ಲಿ ನೀರು ಹರಿದುಹೋಗುವ ವ್ಯವಸ್ಥೆಯೇ ಮುಖ್ಯ.

ಅಂಕಣದ ಉದ್ದ ಉತ್ತರ-ದಕ್ಷಿಣವಾಗಿರಲಿ. ಬೆಳಗಿನ ಮತ್ತು ಸಂಜೆಯ ಬಿಸಿಲು ಆಟಗಾರರ ಕಣ್ಣಿಗೆ ನೇರವಾಗಿ ಹೊಡೆಯುವುದಿಲ್ಲ. ಬಯಲು ಅಂಕಣಕ್ಕೆ ಒಂದೇ ಕಡೆಗೆ ಶೇ. 1ರಷ್ಟು ಇಳಿಜಾರು ಕೊಡುವುದು ರೂಢಿ. 33 ಅಡಿ ಅಗಲಕ್ಕೆ ಇದು ಸುಮಾರು 4 ಅಂಗುಲ. ಆಟಕ್ಕೆ ಅಡ್ಡಿಯಾಗದು, ನೀರೂ ನಿಲ್ಲದು. ಇಷ್ಟು ಜಾಗದ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 4,400 ಲೀಟರ್ ನೀರು ಹರಿದು ಬರುತ್ತದೆ. ಅದನ್ನು ನೆರೆಯವರ ಕಾಂಪೌಂಡಿಗೆ ಹರಿಯಬಿಡದೆ ಇಂಗುಗುಂಡಿಗೆ ತಿರುಗಿಸಿದರೆ ನಮ್ಮ ಕೊಳವೆಬಾವಿಗೇ ಲಾಭ.

ಲೆಕ್ಕದ ದೃಷ್ಟಿಯಿಂದ ಒಂದು ಸರಳ ಪರೀಕ್ಷೆಯನ್ನು ಸೂಚಿಸಬಹುದು. 57 × 33 ಅಡಿ ಜಾಗಕ್ಕೆ 4 ಅಂಗುಲ ದಪ್ಪದ ಕಾಂಕ್ರೀಟು ಎಂದರೆ 627 ಘನ ಅಡಿ, ಸುಮಾರು 17.75 ಘನ ಮೀಟರ್. 1:1½:3 ಪ್ರಮಾಣದ ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟು ಎಂದು ಹಿಡಿದರೆ 140 ಮೂಟೆಗಳ ಆಸುಪಾಸು. ತಳಪದರ, ಕಂಬಗಳ ಗುಂಡಿ ಹಾಗೂ ಪೋಲಿಗಾಗಿ ಇನ್ನಷ್ಟು ಸೇರಿಸಬಹುದು. ಆದರೆ ಬಿಲ್ಲಿನಲ್ಲಿ 300 ಮೂಟೆ ಕಂಡರೆ ಪ್ರಶ್ನಿಸುವ ಹಕ್ಕು ಮಾಲೀಕರಿಗಿದೆ. ಕಾಂಕ್ರೀಟಿಗೆ ಚೆನ್ನಾಗಿ ನೀರುಣಿಸಿ, ಕನಿಷ್ಠ 28 ದಿನ ಕಳೆದ ಮೇಲೆಯೇ ಅಕ್ರಿಲಿಕ್ ಬಣ್ಣದ ಪದರಗಳನ್ನು ಹಾಕಿಸುವುದು ಸರಿಯಾದ ಕ್ರಮ. ಮಕ್ಕಳ ಹುಟ್ಟುಹಬ್ಬಕ್ಕೆಂದೋ ಗೃಹಪ್ರವೇಶದ ವಾರ್ಷಿಕಕ್ಕೆಂದೋ ಅವಸರಪಡಿಸಿದರೆ ಒಳಗಿನ ತೇವಕ್ಕೆ ಬಣ್ಣ ಏಳುತ್ತದೆ.

4. ಗುತ್ತಿಗೆ ಮತ್ತು ಪಾವತಿ

ಕರಾರು ಒಂದು ಪುಟದ್ದಾದರೂ ಬರಹದಲ್ಲಿರಲಿ. ನೆಲ ಅಗೆತ, ತಳಪದರ, ಕಾಂಕ್ರೀಟು, ಮೇಲ್ಪದರ, ಬೇಲಿ, ದೀಪ ಇವುಗಳ ದರ ಪ್ರತ್ಯೇಕವಾಗಿರಲಿ. ಒಟ್ಟು ಮೊತ್ತದ ಶೇ. 5 ಅಥವಾ 10ನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತು ಇರಲಿ. ಮಳೆಗಾಲಕ್ಕಿಂತ ಪ್ರಾಮಾಣಿಕವಾದ ಪರೀಕ್ಷಕ ಬೇರೊಬ್ಬನಿಲ್ಲ.

ಸಾಮಗ್ರಿ ಸಹಿತವಾದ ಕಾಮಗಾರಿ ಗುತ್ತಿಗೆಗೆ ಸಾಮಾನ್ಯವಾಗಿ ಶೇ. 18ರ ಜಿಎಸ್‌ಟಿ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ದರ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಆದ್ದರಿಂದ ಅದಕ್ಕೂ ಹಿಂದಿನ ದರಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡ ಗುತ್ತಿಗೆದಾರರೊಡನೆ ಸಿಮೆಂಟಿನ ಬೆಲೆಯನ್ನು ಮತ್ತೊಮ್ಮೆ ಮಾತನಾಡಬಹುದು.

ಒಂದೇ ವ್ಯವಹಾರಕ್ಕೆ ಸಂಬಂಧಿಸಿ 2 ಲಕ್ಷ ರೂ. ಅಥವಾ ಅದಕ್ಕೂ ಮಿಗಿಲಾದ ಮೊತ್ತವನ್ನು ನಗದಾಗಿ ಸ್ವೀಕರಿಸುವಂತಿಲ್ಲ; ದಂಡ ಬೀಳುವುದು ಸ್ವೀಕರಿಸಿದವರಿಗಾದರೂ, ಕೊಟ್ಟ ಹಣದ ಮೂಲ ಹೇಳಬೇಕಾದವರು ನಾವು. ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯೇ ಕ್ಷೇಮ. ಮೂಲದಲ್ಲಿ ತೆರಿಗೆ ಕಡಿತದ ವಿಚಾರದಲ್ಲಿ, ಕೇವಲ ಸ್ವಂತ ಉಪಯೋಗದ ಕೆಲಸಕ್ಕಾಗಿ ವ್ಯಕ್ತಿಗಳು ಗುತ್ತಿಗೆದಾರರಿಗೆ ಕೊಡುವ ಹಣಕ್ಕೆ ಸಾಮಾನ್ಯ ಗುತ್ತಿಗೆ ಕಡಿತ ಅನ್ವಯಿಸುವುದಿಲ್ಲ. ಆದರೆ ಒಂದು ವರ್ಷದಲ್ಲಿ ಒಬ್ಬರಿಗೇ ಕೊಟ್ಟ ಮೊತ್ತ 50 ಲಕ್ಷ ರೂ. ಮೀರಿದರೆ ಕಡಿತ ಕಡ್ಡಾಯ; ಇದರ ದರ 2024ರ ಅಕ್ಟೋಬರ್ 1ರಿಂದ ಶೇ. 5ರ ಬದಲು ಶೇ. 2 ಆಯಿತು. ಅಂಕಣವೊಂದಕ್ಕೇ ಇಷ್ಟು ಖರ್ಚಾಗದಿರಬಹುದು. ಮನೆ ಮತ್ತು ಅಂಕಣ ಎರಡನ್ನೂ ಒಬ್ಬರೇ ಗುತ್ತಿಗೆದಾರರು ಮಾಡುತ್ತಿದ್ದರೆ ಈ ಮಿತಿ ಸುಲಭವಾಗಿ ದಾಟುತ್ತದೆ.

5. ಖರ್ಚು ಯಾರ ಲೆಕ್ಕಕ್ಕೆ?

ಈಗ ಮುಖ್ಯ ವಿಷಯಕ್ಕೆ ಬರೋಣ. 1961ರ ಆದಾಯ ತೆರಿಗೆ ಕಾಯಿದೆಯಲ್ಲೂ 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯಲ್ಲೂ ತತ್ವ ಒಂದೇ: ಸ್ವಂತ ಖರ್ಚು ವ್ಯಾಪಾರದ ಖರ್ಚಲ್ಲ, ಬಂಡವಾಳ ವೆಚ್ಚ ರಾಜಸ್ವ ವೆಚ್ಚವಲ್ಲ. ಮನೆಯ ಅಂಕಣ ಈ ಎರಡು ಪರೀಕ್ಷೆಗಳಲ್ಲೂ ಸೋಲುತ್ತದೆ.

ಜಿಎಸ್‌ಟಿ ಕಾಯಿದೆಯ 17(5)ನೇ ಸೆಕ್ಷನ್ ಇನ್ನೂ ಸ್ಪಷ್ಟವಾಗಿದೆ. ವರ್ತಕರು ರೂಢಿಯಲ್ಲಿ ಇನ್‌ಪುಟ್ ಕ್ರೆಡಿಟ್ ಎಂದು ಕರೆಯುವ ತೆರಿಗೆ ಜಮೆ ಇಲ್ಲಿ ಎರಡು ಕಾರಣಗಳಿಂದ ಸಿಗುವುದಿಲ್ಲ. ಮೊದಲನೆಯದು, ಇದು ಸ್ವಂತ ಬಳಕೆಯದು. ಎರಡನೆಯದು, ಇದು ಸ್ಥಿರಾಸ್ತಿಯ ನಿರ್ಮಾಣ. ವ್ಯಾಪಾರದ ಸಲುವಾಗಿಯೇ ಕಟ್ಟಿದ್ದರೂ ಅದಕ್ಕೆ ಜಮೆ ಇಲ್ಲ. 2024ರ ಅಕ್ಟೋಬರ್ 3ರಂದು ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೆಲವು ಕಟ್ಟಡಗಳು ಅವುಗಳ ಉಪಯೋಗವನ್ನು ನೋಡಿ 'ಪ್ಲಾಂಟ್' ಎನಿಸಬಹುದೆಂದು ಹೇಳಿದಾಗ ಅನೇಕರಿಗೆ ಆಸೆ ಚಿಗುರಿತ್ತು. 2025ರ ಹಣಕಾಸು ಕಾಯಿದೆ ಆ ಪದಗಳನ್ನು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗಿ ತಿದ್ದಿ ಆ ಬಾಗಿಲನ್ನು ಮುಚ್ಚಿತು.

ಈಗ ಒಂದು ಉದಾಹರಣೆ. ಅಂಕಿಗಳು ವಿವರಣೆಗಾಗಿ ಮಾತ್ರ. ಅಂಕಣದ ವೆಚ್ಚ 10,00,000 ರೂ., ಜಿಎಸ್‌ಟಿ 1,80,000 ರೂ., ಒಟ್ಟು 11,80,000 ರೂ. ಎಂದಿಟ್ಟುಕೊಳ್ಳೋಣ. ಪಾಲುದಾರಿಕೆ ಸಂಸ್ಥೆಯೊಂದು ಇದನ್ನು 'ಗೋದಾಮು ದುರಸ್ತಿ' ಎಂದು ಬರೆಯುತ್ತದೆ. ಸಂಸ್ಥೆಯ ತೆರಿಗೆ ಶೇ. 30, ಅದರ ಮೇಲೆ ಶೇ. 4 ಸೆಸ್ ಸೇರಿ ಶೇ. 31.2.

ಮೇಲ್ನೋಟದ ಉಳಿತಾಯ:
ಜಿಎಸ್‌ಟಿ ಜಮೆ: 1,80,000 ರೂ.
ಆದಾಯ ತೆರಿಗೆ: 3,12,000 ರೂ.
ಒಟ್ಟು: 4,92,000 ರೂ.

ಪತ್ತೆಯಾದ ದಿನ ತೆರಬೇಕಾಗಬಹುದಾದ್ದು:
ಜಿಎಸ್‌ಟಿ ಜಮೆಯ ಮರುಪಾವತಿ: 1,80,000 ರೂ.
ಉದ್ದೇಶಪೂರ್ವಕ ತಪ್ಪು ಹೇಳಿಕೆಗೆ ಶೇ. 100 ದಂಡ: 1,80,000 ರೂ.
ಆದಾಯ ತೆರಿಗೆ: 3,12,000 ರೂ.
ಆದಾಯವನ್ನು ತಪ್ಪಾಗಿ ತೋರಿಸಿದ್ದಕ್ಕೆ ತೆರಿಗೆಯ ಶೇ. 200 ದಂಡ: 6,24,000 ರೂ.
ಒಟ್ಟು: 12,96,000 ರೂ.

ಇದರಲ್ಲಿ ಬಡ್ಡಿ ಸೇರಿಲ್ಲ. ತಪ್ಪಾಗಿ ಪಡೆದು ಬಳಸಿಕೊಂಡ ಜಿಎಸ್‌ಟಿ ಜಮೆಗೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ, ಆದಾಯ ತೆರಿಗೆಯ ಬಡ್ಡಿ ಬೇರೆ. ಅಂಕಣ ಕಟ್ಟಲು ಆದ ಖರ್ಚು 11,80,000 ರೂ.; ಅದನ್ನು ಮುಚ್ಚಿಡಲು ಹೋಗಿ ತೆರುವ ಮೊತ್ತ ಅದಕ್ಕಿಂತ ಹೆಚ್ಚು. ಒಂದು ಅಂಕಣದ ಹಣದಲ್ಲಿ ಎರಡನ್ನು ಕಟ್ಟಿದಂತಾಯಿತು, ಎರಡನೆಯದು ಕಾಣಿಸುವುದಿಲ್ಲ. ಪತ್ತೆ ಮಾಡುವುದು ಕಷ್ಟವೂ ಅಲ್ಲ. ಗುತ್ತಿಗೆದಾರರ ಬಿಲ್ಲಿನಲ್ಲಿ ಕಾಮಗಾರಿಯ ವಿವರ ಇರುತ್ತದೆ. ಬಣ್ಣ, ಬಲೆ ಮತ್ತು ಕಂಬಗಳನ್ನು ಗೋದಾಮಿಗೆ ಹೊಂದಿಸಿ ವಿವರಿಸುವುದು ಯಾವ ಲೆಕ್ಕಪರಿಶೋಧಕರಿಂದಲೂ ಆಗದ ಮಾತು.

6. ಪಾಲುದಾರರ ನಡುವಿನ ನ್ಯಾಯ

ತೆರಿಗೆಗಿಂತ ದೊಡ್ಡ ನಷ್ಟ ಇನ್ನೊಂದಿದೆ. ನಮ್ಮ ಸಂಸ್ಥೆಗಳಲ್ಲಿ ಬಹುಪಾಲು ಅಣ್ಣತಮ್ಮಂದಿರ ಪಾಲುದಾರಿಕೆಗಳು. ಮೇಲಿನ ಉದಾಹರಣೆಯಲ್ಲಿ ಇಬ್ಬರು ಸಹೋದರರು ಸಮಪಾಲುದಾರರೆಂದೂ ಅಂಕಣ ಅಣ್ಣನ ಮನೆಯಲ್ಲಿದೆಯೆಂದೂ ಭಾವಿಸಿರಿ. ಖರ್ಚನ್ನು ಸಂಸ್ಥೆಯ ಲಾಭನಷ್ಟ ಖಾತೆಗೆ ಬರೆದರೆ ತೆರಿಗೆಪೂರ್ವ ಲಾಭ 10,00,000 ರೂ. ಇಳಿಯುತ್ತದೆ. ಅಣ್ಣನ ಮಕ್ಕಳ ಆಟಕ್ಕೆ ತಮ್ಮನ ಪಾಲಿನ 5,00,000 ರೂ. ಹೋಯಿತು. ತಮ್ಮ ಬಾಯಿಬಿಟ್ಟು ಕೇಳಲಿಕ್ಕಿಲ್ಲ. ಆದರೆ ಅವರ ಮನೆಯವರು ಲೆಕ್ಕ ಇಟ್ಟಿರುತ್ತಾರೆ, ಮುಂದಿನ ವರ್ಷ ತಮ್ಮನೂ ತನ್ನ ಮನೆಯ ಯಾವುದೋ ಬಿಲ್ಲನ್ನು ಅಂಗಡಿಗೆ ಕಳುಹಿಸುತ್ತಾರೆ. ಒಡೆದ ಸಂಸ್ಥೆಗಳ ಹಳೆಯ ಖಾತೆಪುಸ್ತಕಗಳನ್ನು ತಿರುವಿ ಹಾಕಿದರೆ, ಬಿರುಕು ಮೊದಲು ಕಾಣಿಸುವುದು ಇಂಥ ಸಣ್ಣ ನಮೂದುಗಳಲ್ಲಿಯೇ. ಪಾಲುದಾರರು ಪರಸ್ಪರ ನ್ಯಾಯವಾಗಿಯೂ ನಂಬಿಕೆಯಿಂದಲೂ ನಡೆದುಕೊಂಡು ಸತ್ಯವಾದ ಲೆಕ್ಕ ಕೊಡಬೇಕೆಂದು 1932ರ ಪಾಲುದಾರಿಕೆ ಕಾಯಿದೆಯ 9ನೇ ಸೆಕ್ಷನ್ ವಿಧಿಸಿರುವುದು ಸುಮ್ಮನೆ ಅಲ್ಲ.

ಸರಿಯಾದ ಕ್ರಮ ಬಹಳ ಸರಳವಾದದ್ದು. ಅಣ್ಣ ತನ್ನ ಬಂಡವಾಳ ಖಾತೆಯಿಂದ 11,80,000 ರೂ.ಗಳನ್ನು ಡ್ರಾಯಿಂಗ್ಸ್ ಆಗಿ ಪಡೆದು, ತನ್ನ ಸ್ವಂತ ಬ್ಯಾಂಕ್ ಖಾತೆಯಿಂದ ಗುತ್ತಿಗೆದಾರರಿಗೆ ಕೊಡಬೇಕು. ಬಿಲ್ಲು ಅವರ ಸ್ವಂತ ಹೆಸರಿಗೆ ಬರಬೇಕು, ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಅದರಲ್ಲಿ ಇರಕೂಡದು. ಪಾಲುದಾರರ ಬಂಡವಾಳಕ್ಕೆ ತೆರಿಗೆ ಕಾಯಿದೆ ಒಪ್ಪುವ ಗರಿಷ್ಠ ಬಡ್ಡಿ ಶೇ. 12. ಬಂಡವಾಳ ಇಳಿದುದರಿಂದ ಅಣ್ಣನಿಗೆ ಸಲ್ಲುವ ಬಡ್ಡಿ ವರ್ಷಕ್ಕೆ 1,41,600 ರೂ. ಕಡಿಮೆಯಾಗುತ್ತದೆ, ಹಣ ಹೊರತೆಗೆದವರೇ ಅದರ ಬೆಲೆ ತೆರುತ್ತಾರೆ, ತಮ್ಮನ ಪಾಲು ಅಲುಗುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಒಂದು, 2025ರ ಏಪ್ರಿಲ್ 1ರಿಂದ ಪಾಲುದಾರರಿಗೆ ಸಲ್ಲುವ ಸಂಬಳ, ಸಂಭಾವನೆ ಮತ್ತು ಬಡ್ಡಿ ವರ್ಷಕ್ಕೆ 20,000 ರೂ. ಮೀರಿದರೆ ಸಂಸ್ಥೆ ಶೇ. 10ರಷ್ಟು ತೆರಿಗೆ ಕಡಿತ ಮಾಡಬೇಕು. ಬಂಡವಾಳದ ಹಿಂತೆಗೆತಕ್ಕೆ ಈ ಕಡಿತವಿಲ್ಲ. ಆದುದರಿಂದ ತೆಗೆದ ಹಣ ಯಾವ ಬಾಬ್ತಿನದೆಂದು ನಮೂದಿನಲ್ಲಿ ಸ್ಪಷ್ಟವಾಗಿರಲಿ. ಎರಡು, ಸಂಸ್ಥೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮೇಲೆ ನಡೆಯುತ್ತಿದ್ದರೆ, ಡ್ರಾಯಿಂಗ್ಸ್ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ದಾಸ್ತಾನು ಕೊಳ್ಳಲು ಕೊಟ್ಟ ಸಾಲ ಮನೆಯ ಅಂಕಣಕ್ಕೆ ಹೋದರೆ ಬ್ಯಾಂಕಿನ ದೃಷ್ಟಿಯಲ್ಲಿ ಅದು ನಿಧಿಯ ದುರ್ಬಳಕೆ. ಆದಾಯ ತೆರಿಗೆಯಲ್ಲಿ ಅಷ್ಟು ಸಾಲದ ಬಡ್ಡಿಯನ್ನು ವ್ಯಾಪಾರದ ಖರ್ಚಾಗಿ ಒಪ್ಪದಿರಲು ಅಧಿಕಾರಿಗಳಿಗೆ ಕಾರಣ ಸಿಗುತ್ತದೆ. ಹಂಗಾಮಿನ ವ್ಯಾಪಾರಸ್ಥರು ಹಂಗಾಮು ಮುಗಿದು ವಸೂಲಿ ಬಂದ ಮೇಲೆ ಈ ಕೆಲಸಕ್ಕೆ ಕೈಹಾಕುವುದು ವಿವೇಕ.

ಖಾಸಗಿ ಕಂಪನಿಗಳಲ್ಲಿ ಪರಿಣಾಮ ಇನ್ನೂ ಕಠಿಣ. ಶೇ. 10 ಅಥವಾ ಹೆಚ್ಚಿನ ಮತಾಧಿಕಾರ ಹೊಂದಿದ ಷೇರುದಾರರ ಪ್ರಯೋಜನಕ್ಕಾಗಿ ಕಂಪನಿ ಹಣ ಕೊಟ್ಟರೆ, ಸಂಚಿತ ಲಾಭ ಇರುವಷ್ಟರ ಮಟ್ಟಿಗೆ ಅದು ಲಾಭಾಂಶವೆಂದೇ ಪರಿಗಣಿತವಾಗಬಹುದು. ನಿರ್ದೇಶಕರು ಪಡೆದ ಸೌಲಭ್ಯವಾಗಿಯೂ ತೆರಿಗೆಗೆ ಬರಬಹುದು. ಕಾರ್ಖಾನೆಯ ಆವರಣದಲ್ಲಿ, ನೌಕರರೆಲ್ಲರ ಬಳಕೆಗೆ ಕಟ್ಟಿದ ಅಂಕಣದ ವಿಚಾರ ಬೇರೆ. ಅದು ವ್ಯಾಪಾರದ ಬಂಡವಾಳ ಆಸ್ತಿ, ಸವಕಳಿಗೆ ಅರ್ಹ. ಆದರೆ ಸ್ಥಿರಾಸ್ತಿಯಾದ ಕಾರಣ ಜಿಎಸ್‌ಟಿ ಜಮೆ ಅಲ್ಲಿಯೂ ಇಲ್ಲ. ನಿರ್ದೇಶಕರ ಮನೆಯ ಅಂಕಣಕ್ಕೆ 'ನೌಕರರ ಕಲ್ಯಾಣ' ಎಂಬ ಹೆಸರಿಟ್ಟರೆ ಅದು ಕಾರ್ಖಾನೆಯ ಅಂಕಣವಾಗದು.

7. ಬಾಡಿಗೆಗೆ ಕೊಡುವುದಾದರೆ

ಅಂಕಣ ಹಗಲೆಲ್ಲ ಖಾಲಿಯಿರುತ್ತದೆ, ಬಡಾವಣೆಯವರು ಕೇಳುತ್ತಾರೆ, ಗಂಟೆಗಿಷ್ಟು ಎಂದು ಕೊಟ್ಟರೆ ದೀಪದ ಖರ್ಚಾದರೂ ಬಂದೀತು ಎಂಬ ಯೋಚನೆ ಸಹಜ. ಆದರೆ ಮೊದಲ ರೂಪಾಯಿ ಪಡೆದ ದಿನದಿಂದ ಚಿತ್ರ ಬದಲಾಗುತ್ತದೆ. ಆ ಹಣ ತೆರಿಗೆಗೆ ಒಳಪಟ್ಟ ಆದಾಯ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ ರೂ. ಇದ್ದರೂ, ಅಂಕಣದ ಒಡೆಯರು ತಮ್ಮ ಸ್ವಂತ ಹೆಸರಿನ ಅಂಗಡಿಗೆ ಈಗಾಗಲೇ ನೋಂದಣಿ ಪಡೆದಿದ್ದರೆ, ಪ್ಯಾನ್ ಒಂದೇ ಆದ್ದರಿಂದ ಗಂಟೆಯ ಬಾಡಿಗೆಗೂ ತೆರಿಗೆ ಹಾಕಬೇಕಾಗುತ್ತದೆ. ಬಾಡಿಗೆಗೆ ತೆರಿಗೆ ಉಂಟು, ಕಟ್ಟಿದ ಖರ್ಚಿಗೆ ಜಮೆ ಇಲ್ಲ. ತರಬೇತುದಾರರನ್ನಿಟ್ಟು ಶಿಬಿರ ನಡೆಸುವವರು ಗಮನಿಸಬೇಕಾದದ್ದೆಂದರೆ, ಕ್ರೀಡಾ ತರಬೇತಿಗೆ ಇದ್ದ ಜಿಎಸ್‌ಟಿ ವಿನಾಯಿತಿ 2022ರ ಜುಲೈ 18ರಿಂದ ನೋಂದಾಯಿತ ಧರ್ಮಾರ್ಥ ಸಂಸ್ಥೆಗಳಿಗೆ ಸೀಮಿತವಾಯಿತು.

ಇದಲ್ಲದೆ ವಿದ್ಯುತ್ ಸಂಪರ್ಕ ಗೃಹಬಳಕೆಯದಾಗಿದ್ದು ಉಪಯೋಗ ವಾಣಿಜ್ಯದ್ದಾದರೆ ವಿದ್ಯುತ್ ಕಂಪನಿಯ ತನಿಖೆಯಲ್ಲಿ ಆಕ್ಷೇಪ ಬರುತ್ತದೆ. ಆಸ್ತಿ ತೆರಿಗೆಯ ವರ್ಗೀಕರಣವೂ ಬದಲಾಗಬಹುದು. ಇಷ್ಟೆಲ್ಲ ಹೊಣೆ ಹೊರುವಷ್ಟು ಆದಾಯ ಬರುವುದೇ ಎಂದು ಮೊದಲೇ ಅಂದಾಜು ಮಾಡಿ, ಬರುವುದಾದರೆ ಕ್ರಮಬದ್ಧವಾಗಿ ಮಾಡಬೇಕು. ಇಲ್ಲವಾದರೆ ನೆರೆಯ ಮಕ್ಕಳಿಗೆ ಉಚಿತವಾಗಿ ಬಿಟ್ಟುಕೊಡುವುದೇ ಗೌರವದ ದಾರಿ.

8. ಮಾರುವ ದಿನದ ಲೆಕ್ಕ

ಸಂಸ್ಥೆಯ ಖಾತೆಗೆ ಬರೆಯದೆ ಸ್ವಂತ ಹಣದಲ್ಲಿ ಕಟ್ಟಿದವರಿಗೆ ಕಾಯಿದೆ ಒಂದು ನ್ಯಾಯವಾದ ಪ್ರಯೋಜನ ಕೊಟ್ಟಿದೆ. ಆಸ್ತಿಗೆ ಮಾಡಿದ ಬಂಡವಾಳ ಸ್ವರೂಪದ ಸೇರ್ಪಡೆ 'ಸುಧಾರಣಾ ವೆಚ್ಚ' ಎನಿಸಿ, ಮುಂದೆ ಆಸ್ತಿ ಮಾರುವಾಗ ಲಾಭದಿಂದ ಕಳೆಯಲ್ಪಡುತ್ತದೆ. ಉದಾಹರಣೆಯ 11,80,000 ರೂ. ಪೂರ್ತಿ, ಜಿಎಸ್‌ಟಿಯೂ ಸೇರಿ, ಇಲ್ಲಿ ಸಲ್ಲುತ್ತದೆ. 2024ರ ಜುಲೈ 23ರಿಂದ ಭೂಮಿ ಮತ್ತು ಕಟ್ಟಡದ ದೀರ್ಘಾವಧಿ ಲಾಭಕ್ಕೆ ಸೂಚ್ಯಂಕದ ಸೌಲಭ್ಯವಿಲ್ಲದೆ ಶೇ. 12.5ರ ದರ ಬಂದಿತು. ಆ ದಿನಕ್ಕೂ ಮೊದಲು ಕೊಂಡ ಆಸ್ತಿಗೆ, ನಿವಾಸಿ ವ್ಯಕ್ತಿಗಳು ಮತ್ತು ಅವಿಭಕ್ತ ಕುಟುಂಬಗಳು ಸೂಚ್ಯಂಕ ಸಹಿತ ಶೇ. 20ರ ಲೆಕ್ಕದೊಂದಿಗೆ ಹೋಲಿಸಿ ಕಡಿಮೆ ತೆರಿಗೆ ಕಟ್ಟಬಹುದು. ಯಾವ ಲೆಕ್ಕ ಹಾಕಿದರೂ ಬಿಲ್ಲು ಮತ್ತು ಪಾವತಿಯ ಪುರಾವೆ ಬೇಕು. ಬಣ್ಣ ಬಳಿಸುವುದು, ಬಲೆ ಬದಲಿಸುವುದು ದುರಸ್ತಿಯೇ ಹೊರತು ಸುಧಾರಣೆಯಲ್ಲ.

ಪಕ್ಕದ ನಿವೇಶನವನ್ನು ಬೇರೆ ಕ್ರಯಪತ್ರದಲ್ಲಿ ಕೊಂಡು ಅಂಕಣ ಮಾಡಿದ್ದರೆ, ಮನೆ ಮಾರಿ ಬೇರೆ ಮನೆ ಕೊಂಡಾಗ ದೊರೆಯುವ ವಿನಾಯಿತಿ ಆ ನಿವೇಶನಕ್ಕೂ ಸಲ್ಲುವುದೇ ಎಂಬ ಪ್ರಶ್ನೆ ಏಳುತ್ತದೆ. 'ಮನೆಗೆ ಹೊಂದಿಕೊಂಡ ಭೂಮಿ' ಎಂಬುದು ವಾಸ್ತವಾಂಶದ ಮೇಲೆ ನಿಲ್ಲುವ ವಿಷಯ. ಎರಡಕ್ಕೂ ಒಂದೇ ಕಾಂಪೌಂಡು, ಒಂದುಗೂಡಿಸಿದ ಖಾತೆ, ಕುಟುಂಬದ್ದೇ ಆದ ಬಳಕೆ ಇವು ಅನುಕೂಲಕರ ಸಾಕ್ಷ್ಯಗಳು. ಹೊರಗಿನವರಿಗೆ ಬಾಡಿಗೆ ಕೊಟ್ಟ ರಸೀದಿ ಪುಸ್ತಕ ಅದಕ್ಕೆ ವಿರುದ್ಧವಾದ ಸಾಕ್ಷ್ಯ.

9. ನೆರೆಹೊರೆ

2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್. ದೀಪದ ಕಂಬಗಳ ಬೆಳಕು ಪಕ್ಕದ ಮನೆಯ ಮಲಗುವ ಕೋಣೆಗೆ ಬೀಳದಂತೆ ಕೆಳಮುಖವಾಗಿರಲಿ. ಕೆಲಸ ಆರಂಭಿಸುವ ಮುನ್ನ ಎರಡೂ ಪಕ್ಕದವರಿಗೆ ಹೋಗಿ ಒಂದು ಮಾತು ತಿಳಿಸಿ ಬರುವುದಕ್ಕೆ ಯಾವ ತೆರಿಗೆಯೂ ಇಲ್ಲ.

ಸಾರಾಂಶ

ಕೆಲಸ ಆರಂಭಿಸುವ ಮೊದಲು ಸದಸ್ಯರು ಈ ಆರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಬರೆದುಕೊಳ್ಳುವುದು ಉಚಿತ:

(1) ಭೂಮಿ ಪರಿವರ್ತನೆಯಾಗಿದೆಯೇ?
(2) ಅದು ಯಾರ ಹೆಸರಿನಲ್ಲಿದೆ, ಖರ್ಚು ಯಾರದು?
(3) ಬಿಲ್ಲು ಸ್ವಂತ ಹೆಸರಿಗೆ ಬರುವುದೇ, ಪಾವತಿ ಸ್ವಂತ ಬ್ಯಾಂಕ್ ಖಾತೆಯಿಂದ ಆಗುವುದೇ?
(4) ಸಂಸ್ಥೆಯಿಂದ ಹಣ ತೆಗೆಯುವುದಾದರೆ ಉಳಿದ ಪಾಲುದಾರರಿಗೆ ತಿಳಿಸಲಾಗಿದೆಯೇ?
(5) ಆ ಹಣ ಬ್ಯಾಂಕಿನ ಸಾಲದ್ದೋ ಸ್ವಂತ ಬಂಡವಾಳದ್ದೋ?
(6) ಅಂಕಣ ಮನೆಯವರಿಗೆ ಮಾತ್ರವೇ, ಬಾಡಿಗೆಗೂ ಉಂಟೇ?

ಇವಕ್ಕೆ ಸರಿಯಾದ ಉತ್ತರ ಸಿಕ್ಕರೆ ಮುಂದಿನದು ಗುತ್ತಿಗೆದಾರರ ಕೆಲಸ. ಅಂಗಡಿಯ ಖಾತೆಯಲ್ಲಿ ಅಂಕಣಕ್ಕೆ ಸಂಬಂಧಿಸಿ ಇರಬೇಕಾದ ನಮೂದು ಒಂದೇ: ಮಾಲೀಕರ ಅಥವಾ ಪಾಲುದಾರರ ಡ್ರಾಯಿಂಗ್ಸ್. ಪ್ರತಿಯೊಂದು ಪ್ರಕರಣದ ವಾಸ್ತವಾಂಶಗಳು ಬೇರೆಬೇರೆಯಾಗಿರುವುದರಿಂದ, ಸದಸ್ಯರು ತಮ್ಮ ಲೆಕ್ಕಪರಿಶೋಧಕರನ್ನು ಸಂಪರ್ಕಿಸಿ ಮುಂದುವರಿಯತಕ್ಕದ್ದು. ಆ ಸಮಾಲೋಚನೆ ಗುದ್ದಲಿ ಪೂಜೆಗೆ ಮೊದಲೇ ಆದರೆ ಹೆಚ್ಚು ಪ್ರಯೋಜನಕಾರಿ.